ಗುಮ್ಮಟ ಕಾಣದ ಹಿಮಬಯಲಲ್ಲಿ ದಾರಿ ಯಾವುದು?

ತಿಕೋಟಾದ ಕಡೆಯಿಂದ ಬಂದರೂ ಸರಿ, ಬಬಲೇಶ್ವರದ ಕಡೆಯಿಂದ ಬಂದರೂ ಸರಿ, ವಿಜಯಪುರಕ್ಕೆ ದಾರಿ ಯಾವುದೆಂದು ಕೇಳುವ ಪ್ರಸಂಗ ಹಿಂದಿನ ಕಾಲದ ಪ್ರಯಾಣಿಕರಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಎರೆಹೊಲಗಳ ಬಯಲಿನಲ್ಲಿ ಹಲವು ಮೈಲಿ ದೂರದಿಂದಲೇ ಗೋಳಗುಮ್ಮಟ ಕಣ್ಣಿಗೆ ಬೀಳುತ್ತದೆ. ಮಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಈ ಕಟ್ಟಡ 1656ರ ಹೊತ್ತಿಗೆ ಎದ್ದು ನಿಂತಿತು. ಎತ್ತರ ಸುಮಾರು 51 ಮೀಟರ್. ಗುಮ್ಮಟದ ಹೊರವ್ಯಾಸ 44 ಮೀಟರ್. ಅರಸನಿಗೆ ಅದು ಗೋರಿ. ಸಂಜೆಯೊಳಗೆ ಪೇಟೆ ಮುಟ್ಟಬೇಕಾದ ಚಕ್ಕಡಿಯವನಿಗೆ ಅದು ದಿಕ್ಕು ತಿಳಿಸುವ ಗುರುತು.

ಗುರುತು ಇರುವ ನಾಡಿನಲ್ಲಿ ದಾರಿ ತಪ್ಪುವುದು ಕಷ್ಟ. ಗುರುತೇ ಇಲ್ಲದ ನಾಡಿನಲ್ಲಿ? ಕಣ್ಣು ಹಾಯಿಸಿದಷ್ಟು ದೂರ ಬಿಳಿ ಹಿಮ. ಗಿಡವಿಲ್ಲ, ಗುಡಿಯಿಲ್ಲ, ರಸ್ತೆಯಿಲ್ಲ. ನಿನ್ನೆ ಬಿದ್ದ ಹೆಜ್ಜೆಯ ಗುರುತನ್ನು ಇಂದು ಬೆಳಗಿನ ಗಾಳಿ ಅಳಿಸಿಹಾಕಿದೆ. ಅಂಥ ಕಡೆ ಮನುಷ್ಯ ಇಂದು ಎರಡು ಯಂತ್ರಗಳನ್ನು ನಂಬಿ ಹೊರಡುತ್ತಾನೆ. ಒಂದು, ಹಿಮದ ಮೇಲೆ ಜಾರಿ ಓಡುವ ಸ್ನೋ ಸ್ಕೂಟರ್. ಇನ್ನೊಂದು, ಆಕಾಶದ ಉಪಗ್ರಹಗಳ ಸಂಕೇತ ಹಿಡಿದು ಜಾಗ ತಿಳಿಸುವ ಜಿಪಿಎಸ್.

ಬಿಸಿಲ ನಾಡಿಗೂ ಹಿಮಕ್ಕೂ ಏನು ನಂಟು ಎಂದು ಕೇಳುವವರಿರಬಹುದು. ನಂಟು ಹಳೆಯದೇ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯಿದೆ. ಉತ್ತರ ಕರ್ನಾಟಕದ ಹಳ್ಳಿಗಳಿಂದ ಸೇನೆ ಸೇರಿದ ಯುವಕರು ಕಾಶ್ಮೀರ, ಲಡಾಖ್, ಸಿಯಾಚಿನ್‌ಗಳಲ್ಲಿ ಕಾವಲು ನಿಂತಿದ್ದಾರೆ. ಜೋಳದ ಹೊಲದಲ್ಲಿ ಬೆಳೆದ ಹುಡುಗ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ದಾರಿ ಹುಡುಕಬೇಕಾಗುತ್ತದೆ. ಅವನ ಕೈಯಲ್ಲಿರುವ ಯಂತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದು ಊರಲ್ಲಿ ಕಾಯುವ ಮನೆಯವರಿಗೂ ತಿಳಿದಿರಬೇಕಾದ ಸಂಗತಿ.

ಹಿಮದ ಸ್ಕೂಟರ್ ಹುಟ್ಟಿದ ಬಗೆ

ಹಿಮವಾಹನದ ಕಥೆಯಲ್ಲಿ ಒಂದು ಸಾವಿನ ನೆರಳಿದೆ. ಕೆನಡಾದ ಕ್ವಿಬೆಕ್ ಪ್ರಾಂತದ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ ಎಂಬ ಮೆಕ್ಯಾನಿಕ್ ಹಿಮದ ಮೇಲೆ ಓಡುವ ಗಾಡಿ ಮಾಡಲು ಚಿಕ್ಕಂದಿನಿಂದಲೇ ಹೆಣಗುತ್ತಿದ್ದ. 1934ರ ಚಳಿಗಾಲದಲ್ಲಿ ಆತನ ಪುಟ್ಟ ಮಗನಿಗೆ ಕರುಳಿನ ಬೇನೆ ಬಂದಿತು. ರಸ್ತೆಗಳೆಲ್ಲ ಹಿಮದಡಿ ಮುಚ್ಚಿದ್ದರಿಂದ ಆಸ್ಪತ್ರೆಗೆ ಒಯ್ಯಲಾಗಲಿಲ್ಲ, ಮಗು ಉಳಿಯಲಿಲ್ಲ. ಆತ ಮತ್ತೆ ಕೆಲಸಕ್ಕೆ ಕುಳಿತು, 1937ರಲ್ಲಿ ತನ್ನ ಹಿಮವಾಹನಕ್ಕೆ ಪೇಟೆಂಟ್ ಪಡೆದ. ಒಬ್ಬಿಬ್ಬರು ಕೂರಬಹುದಾದ ಹಗುರ ಗಾಡಿ ‘ಸ್ಕೀ-ಡೂ’ ಹೆಸರಿನಲ್ಲಿ 1959ರಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಎರಡು ಜಾರುಹಲಗೆ, ಹಿಂದೆ ಟ್ರ್ಯಾಕ್ಟರಿನ ಪಟ್ಟಿಯಂತೆ ಸುತ್ತುವ ರಬ್ಬರ್ ಪಟ್ಟಿ. ಭಾರವನ್ನು ಅಗಲವಾಗಿ ಹರಡುವುದರಿಂದ ಮನುಷ್ಯ ಸೊಂಟದವರೆಗೆ ಹೂತುಹೋಗುವ ಕಡೆಯೂ ಗಾಡಿ ಮುಳುಗದೆ ಓಡುತ್ತದೆ.

ಇಂದು ಗುಲ್ಮಾರ್ಗಕ್ಕೆ ಪ್ರವಾಸ ಹೋದ ಕನ್ನಡಿಗರು ಮೋಜಿಗಾಗಿ ಇದರ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ. ಸಿಯಾಚಿನ್‌ನಲ್ಲಿ ಅದೇ ಗಾಡಿ ಸೀಮೆಎಣ್ಣೆ, ಪಡಿತರ ಸಾಗಿಸುತ್ತದೆ. ಅಸ್ವಸ್ಥನಾದ ಸೈನಿಕನನ್ನು ಕೆಳಗಿಳಿಸುತ್ತದೆ.

ಆದರೆ ವೇಗ ಬಂದಾಗ ಅಪಾಯವೂ ಬಂತು. ನಡೆದು ಹೋಗುವವನು ದಾರಿ ತಪ್ಪಿದರೆ ಒಂದು ಗಂಟೆಯಲ್ಲಿ ಮೂರೋ ನಾಲ್ಕೋ ಕಿ.ಮೀ. ದೂರ ಸರಿದಿರುತ್ತಾನೆ. ಸ್ನೋ ಸ್ಕೂಟರಿನವನು ಅಷ್ಟೇ ಹೊತ್ತಿನಲ್ಲಿ ನಡೆದು ವಾಪಸಾಗಲಾರದಷ್ಟು ದೂರ ಹೋಗಿರುತ್ತಾನೆ. ಆಮೇಲೆ ಎಣ್ಣೆ ಮುಗಿದರೆ ಅಥವಾ ಎಂಜಿನ್ ಕೆಟ್ಟರೆ ಉಳಿಯುವುದು ಚಳಿ ಮಾತ್ರ.

ಹಿಮದಲ್ಲಿ ದಾರಿ ತಪ್ಪುವುದು ಬಹಳ ಸುಲಭ. ಮೋಡ ಕವಿದು ಮಂಜು ಇಳಿದಾಗ ನೆಲದ ಬಿಳುಪೂ ಆಕಾಶದ ಬಿಳುಪೂ ಒಂದಾಗಿ ದಿಗಂತವೇ ಅಳಿಸಿಹೋಗುತ್ತದೆ. ನೆರಳು ಬೀಳುವುದಿಲ್ಲ, ಆದ್ದರಿಂದ ತಗ್ಗು ಯಾವುದು, ದಿನ್ನೆ ಯಾವುದು ತಿಳಿಯುವುದಿಲ್ಲ. ನೇರ ಹೋಗುತ್ತಿದ್ದೇನೆಂಬ ನಂಬಿಕೆಯೂ ಅಲ್ಲಿ ಕೈಕೊಡುತ್ತದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಕಾಡಿನಲ್ಲಿಯೂ ಸಹಾರಾ ಮರುಭೂಮಿಯಲ್ಲಿಯೂ ಜನರನ್ನು ನಡೆಸಿ ನೋಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೂರ್ಯನೋ ಚಂದ್ರನೋ ಕಾಣುತ್ತಿದ್ದಾಗ ಜನ ನೇರ ನಡೆದರು. ಅವು ಮರೆಯಾದಾಗ ತಮಗೆ ಅರಿವಿಲ್ಲದೆಯೇ ಸುತ್ತುಹಾಕತೊಡಗಿದರು.

ಶ್ರೀರಂಗಪಟ್ಟಣದ ರಾತ್ರಿ

ಆಕಾಶ ನೋಡಿ ಭೂಮಿಯ ದಾರಿ ಹಿಡಿಯುವುದು ಹೊಸ ವಿದ್ಯೆಯಲ್ಲ. ಕನ್ನಡ ನಾಡಿನಲ್ಲೇ ನಡೆದ ಒಂದು ಪ್ರಸಂಗ ಇಲ್ಲಿ ನೆನಪಿಗೆ ಬರುತ್ತದೆ. 1799ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸೇನೆ ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತ್ತು. ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ತುಕಡಿಯೊಂದಿಗೆ ಕತ್ತಲಲ್ಲಿ ಹೊರಟ. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರಗಳನ್ನು ನೋಡಿ, ದಂಡು ದಕ್ಷಿಣಕ್ಕೆ ಹೋಗುವ ಬದಲು ಉತ್ತರಕ್ಕೆ, ಅಂದರೆ ಟಿಪ್ಪುವಿನ ಪಡೆಯ ಕಡೆಗೇ ನಡೆಯುತ್ತಿದೆ ಎಂದು ಎಚ್ಚರಿಸಿದ. ನಕ್ಷತ್ರ ಕೇಳಿ ದಾರಿ ನಡೆಯುವ ಅಗತ್ಯ ತನಗಿಲ್ಲವೆಂದು ಬೇರ್ಡ್ ಮೊದಲು ಅಲಕ್ಷಿಸಿದನಂತೆ. ಕೊನೆಗೆ ಬೆಳಕು ಮಾಡಿ ದಿಕ್ಸೂಚಿ ನೋಡಿದಾಗ ಲ್ಯಾಂಬ್ಟನ್ ಹೇಳಿದ್ದೇ ನಿಜವಾಗಿತ್ತು.

ಈ ಲ್ಯಾಂಬ್ಟನ್ ಮರುವರ್ಷ, ಅಂದರೆ 1800ರಲ್ಲಿ, ಬೆಂಗಳೂರಿನ ಬಾಣಸವಾಡಿ ಮತ್ತು ಅಗರದ ನಡುವೆ ಸುಮಾರು 12 ಕಿ.ಮೀ. ಉದ್ದದ ಅಡಿರೇಖೆಯನ್ನು ಸರಪಣಿ ಹಿಡಿದು ಅಳೆಸಿದ. ಆ ಒಂದು ಗೆರೆಯ ಉದ್ದ ಖಚಿತವಾದ ಮೇಲೆ ಉಳಿದದ್ದನ್ನು ಕೋನಗಳಿಂದ ಲೆಕ್ಕ ಹಾಕಬಹುದಿತ್ತು. ಗುಡ್ಡದಿಂದ ಗುಡ್ಡಕ್ಕೆ, ಗೋಪುರದಿಂದ ಗೋಪುರಕ್ಕೆ ತ್ರಿಕೋನಗಳ ಬಲೆ ಹೆಣೆಯುತ್ತ ಹೋಗುವ ಈ ವಿಧಾನದಿಂದಲೇ ಭಾರತದ ಮಹಾ ತ್ರಿಕೋನಮಿತಿ ಮೋಜಣಿ ಬೆಳೆಯಿತು. ಆದರೆ ಅದಕ್ಕೆ ಒಂದು ಷರತ್ತಿತ್ತು. ಒಂದು ಗುರುತಿನಿಂದ ನಿಂತು ಇನ್ನೊಂದು ಗುರುತು ಕಣ್ಣಿಗೆ ಕಾಣಲೇಬೇಕು. ಮಂಜು ಕವಿದರೆ ಕೆಲಸ ನಿಂತಿತು.

ಗುರುತುಗಳನ್ನು ನೆಲದಿಂದ ಎತ್ತಿ ಆಕಾಶದಲ್ಲಿಟ್ಟರೆ? ಮೋಡ ಕವಿದರೂ ಅವು ತಮ್ಮ ಇರವನ್ನು ತಾವೇ ಕೂಗಿ ಹೇಳುವಂತಿದ್ದರೆ? ಜಿಪಿಎಸ್ ಎಂದರೆ ಇಷ್ಟೇ.

ಪಿಸುಮಾತಿನ ಲೆಕ್ಕ

ಅದು ಕೆಲಸ ಮಾಡುವ ಬಗೆ ತಿಳಿಯಲು ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯೇ ಸಾಕು. ಒಳಗಿನ ಒಂದು ಅಂಚಿನಲ್ಲಿ ಕೈಚಪ್ಪಾಳೆ ತಟ್ಟಿದರೆ ಆ ಸದ್ದು ಸುಮಾರು 38 ಮೀಟರ್ ದಾಟಿ ಎದುರು ಬದಿ ಮುಟ್ಟಲು ಒಂದು ಸೆಕೆಂಡಿನ ಒಂಬತ್ತನೇ ಒಂದು ಪಾಲು ಹಿಡಿಯುತ್ತದೆ. ಸದ್ದಿನ ವೇಗ ಗೊತ್ತಿದ್ದು, ಅದು ಹೊರಟ ಕ್ಷಣ ಮತ್ತು ತಲುಪಿದ ಕ್ಷಣ ಎರಡೂ ಗೊತ್ತಿದ್ದರೆ ದೂರ ಎಷ್ಟೆಂದು ಟೇಪು ಹಿಡಿಯದೆಯೇ ಹೇಳಬಹುದು. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ, ‘ನಾನು ಇಲ್ಲಿದ್ದೇನೆ, ಈಗ ಇಷ್ಟು ಗಂಟೆ’ ಎಂದು ರೇಡಿಯೋ ಅಲೆಗಳ ಮೂಲಕ ಬಿಡುವಿಲ್ಲದೆ ಹೇಳುತ್ತಿರುತ್ತವೆ. ಆ ಅಲೆ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ ಬರುತ್ತದೆ. ನೆತ್ತಿಯ ಮೇಲಿನ ಉಪಗ್ರಹದಿಂದ ಕೈಯಲ್ಲಿರುವ ಪೆಟ್ಟಿಗೆಗೆ ಅದು ತಲುಪಲು ಒಂದು ಸೆಕೆಂಡಿನ ಹದಿನೈದನೇ ಒಂದು ಪಾಲು ಸಾಕು.

ಒಂದು ದೂರ ತಿಳಿದರೆ ಜಾಗ ತಿಳಿಯುತ್ತದೆಯೇ? ಇಲ್ಲ. ನಕಾಶೆಯಲ್ಲಿ ವಿಜಯಪುರ, ಅದರ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ ಇವು ಮೂರೂ ಒಂದಕ್ಕೊಂದು ಹೆಚ್ಚು ಕಡಿಮೆ 20 ಕಿ.ಮೀ. ನೇರ ದೂರದಲ್ಲಿರುವ ತ್ರಿಕೋನದಂತೆ ಕಾಣುತ್ತವೆ. ಒಬ್ಬಾತ ತಾನು ವಿಜಯಪುರದಿಂದ 12 ಕಿ.ಮೀ. ದೂರದಲ್ಲಿದ್ದೇನೆ ಎಂದಷ್ಟೇ ಹೇಳಿದರೆ ನಗರದ ಸುತ್ತ ಎಳೆದ ವೃತ್ತದ ಮೇಲೆ ಎಲ್ಲಾದರೂ ಇರಬಹುದು. ತಿಕೋಟಾದಿಂದಲೂ 12 ಕಿ.ಮೀ. ಎಂದರೆ ಎರಡು ವೃತ್ತಗಳು ಕೂಡುವ ಎರಡೇ ಜಾಗ ಉಳಿಯುತ್ತವೆ. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಬಬಲೇಶ್ವರದಿಂದಲೂ ಸುಮಾರು ಅಷ್ಟೇ ದೂರ ಎಂದ ಕೂಡಲೇ ಉತ್ತರದ ಜಾಗ ಬಿದ್ದುಹೋಗಿ ತ್ರಿಕೋನದ ನಡುವಿನ ಹೊಲವೊಂದೇ ಉಳಿಯುತ್ತದೆ. ಜಿಪಿಎಸ್ ಪೆಟ್ಟಿಗೆ ಇದೇ ಲೆಕ್ಕವನ್ನು ಊರುಗಳ ಬದಲು ಉಪಗ್ರಹಗಳನ್ನಿಟ್ಟು ಮಾಡುತ್ತದೆ. ಲ್ಯಾಂಬ್ಟನ್ ಕೋನ ಅಳೆದ. ಇದು ದೂರ ಅಳೆಯುತ್ತದೆ.

ಆದರೆ ಕನಿಷ್ಠ ನಾಲ್ಕು ಉಪಗ್ರಹ ಬೇಕು. ಕಾರಣ ಗಡಿಯಾರ. ಗಡಿಯಾರದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಕೈಯ ಪೆಟ್ಟಿಗೆಯಲ್ಲಿರುವುದು ಅಗ್ಗದ ಗಡಿಯಾರ. ಅದರ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯ ಉಪಗ್ರಹ ನೆರವಾಗುತ್ತದೆ. ಐನ್‌ಸ್ಟೀನರ ಸಾಪೇಕ್ಷತಾ ಸಿದ್ಧಾಂತವೂ ಇಲ್ಲಿ ನಿತ್ಯದ ಕೆಲಸಕ್ಕೆ ಬಂದಿದೆ. ಮೇಲಿರುವ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲಿನಷ್ಟು ಮುಂದೆ ಓಡುತ್ತದೆ. ಇದನ್ನು ತಿದ್ದದೆ ಬಿಟ್ಟರೆ ಒಂದೇ ದಿನದಲ್ಲಿ ಸುಮಾರು 10 ಕಿ.ಮೀ. ತಪ್ಪು ಸೇರಿಕೊಳ್ಳುತ್ತದೆ.

ಈ ವ್ಯವಸ್ಥೆಯನ್ನು ಕಟ್ಟಿದ್ದು ಅಮೆರಿಕದ ಸೇನೆ. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 1983ರಲ್ಲಿ ದಾರಿ ತಪ್ಪಿ ಸೋವಿಯತ್ ವಾಯುಗಡಿ ಹೊಕ್ಕ ದಕ್ಷಿಣ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಸೋವಿಯತ್ ಪಡೆ ಹೊಡೆದುರುಳಿಸಿತು. 269 ಜನ ಸತ್ತರು. ಆಮೇಲೆ ಇದನ್ನು ಸಾರ್ವಜನಿಕರ ಬಳಕೆಗೂ ಬಿಡುವುದಾಗಿ ಅಮೆರಿಕ ಪ್ರಕಟಿಸಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ಆದರೂ ಸಾರ್ವಜನಿಕರಿಗೆ ಬರುವ ಸಂಕೇತವನ್ನು ಬೇಕೆಂದೇ ಮಸುಕು ಮಾಡಲಾಗುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಮಸುಕು ತೆಗೆದ ಮೇಲೆ ಸಾಮಾನ್ಯ ಪೆಟ್ಟಿಗೆಯೂ ತೆರೆದ ಆಕಾಶದಡಿ ಹತ್ತು ಮೀಟರಿನೊಳಗೆ ಜಾಗ ತಿಳಿಸತೊಡಗಿತು.

ಹೊರಡುವ ಮುನ್ನ ಮಾಡಬೇಕಾದ್ದು

ತೆರೆದ ಹಿಮಬಯಲು ಜಿಪಿಎಸ್‌ಗೆ ಅನುಕೂಲದ ಜಾಗ. ಮರವಿಲ್ಲ, ಕಟ್ಟಡವಿಲ್ಲ, ಆಕಾಶ ಪೂರ್ತಿ ಕಾಣುತ್ತದೆ. ತೊಡಕು ಬರುವುದು ಬೇರೆ ಕಡೆಯಿಂದ.

ಮೊದಲನೆಯದು ಚಳಿ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ಮಂದವಾಗುತ್ತದೆ. ತುಂಬಿದ ಬ್ಯಾಟರಿ ಹಠಾತ್ತನೆ ಖಾಲಿಯಾದಂತೆ ಯಂತ್ರ ಆರಿಹೋಗುತ್ತದೆ. ಆದ್ದರಿಂದ ಅನುಭವಿಗಳು ಪೆಟ್ಟಿಗೆಯನ್ನೂ ಹೆಚ್ಚುವರಿ ಬ್ಯಾಟರಿಯನ್ನೂ ಒಳಅಂಗಿಯ ಜೇಬಿನಲ್ಲಿ ಮೈಶಾಖಕ್ಕೆ ತಾಗಿಸಿ ಇಟ್ಟುಕೊಳ್ಳುತ್ತಾರೆ. ಸಾಮಾನ್ಯ ಸೆಲ್ಲಿಗಿಂತ ಲಿಥಿಯಂ ಸೆಲ್ಲು ಚಳಿಗೆ ಚೆನ್ನಾಗಿ ತಡೆಯುತ್ತದೆ. ಕೈಗವಸು ತೆಗೆಯದೆ ಒತ್ತಬಹುದಾದ ಗುಂಡಿಗಳಿರುವ ಪೆಟ್ಟಿಗೆ ಅಲ್ಲಿ ಮೊಬೈಲಿಗಿಂತ ಮೇಲು. ಆ ಚಳಿಯಲ್ಲಿ ಬರಿಗೈ ಹೊರಗಿಟ್ಟರೆ ಬೆರಳೇ ಹೋದೀತು.

ಎರಡನೆಯದು, ಹೊರಡುವ ಜಾಗವನ್ನು ಗುರುತು ಹಾಕಿಕೊಳ್ಳುವುದು. ದಾರಿ ತಪ್ಪಿದ ಮೇಲೆ ಪೆಟ್ಟಿಗೆ ತೆರೆದರೆ ಅದು ‘ನೀನು ಇಲ್ಲಿದ್ದೀ’ ಎನ್ನುತ್ತದೆಯೇ ಹೊರತು ಬಿಡಾರ ಎಲ್ಲಿದೆ ಎನ್ನುವುದಿಲ್ಲ. ಅದನ್ನು ಮೊದಲೇ ತಿಳಿಸಿರಬೇಕು. ಹೊರಡುವಾಗಲೇ ಯಂತ್ರವನ್ನು ಚಾಲೂ ಮಾಡಿ ದಾರಿಯುದ್ದಕ್ಕೂ ಜಾಡು ಬರೆಸಿಕೊಂಡರೆ ಬಂದ ದಾರಿಯಲ್ಲೇ ಹಿಂದಿರುಗಬಹುದು. ಆ ಜಾಡು ಒಮ್ಮೆ ಸುರಕ್ಷಿತವಾಗಿ ದಾಟಿ ಬಂದ ನೆಲ. ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮೂರನೆಯದು ಬಾಣದ ಗುರುತಿನ ಮೋಸ. ‘ಇಲ್ಲಿಗೆ ಹೋಗು’ ಎಂದು ಒತ್ತಿದರೆ ಪೆಟ್ಟಿಗೆ ತೋರುವ ಬಾಣ ಕಾಗೆ ಹಾರಿದಂತೆ ನೇರ ದಿಕ್ಕನ್ನು ತೋರಿಸುತ್ತದೆ. ನಡುವೆ ಹೆಪ್ಪುಗಟ್ಟಿದ ಕೆರೆಯ ತೆಳು ಹಾಸು ಇರಬಹುದು, ಕಡಿದಾದ ಇಳಿಜಾರು ಇರಬಹುದು. ಬಾಣಕ್ಕೆ ಅದರ ಗೊಡವೆಯಿಲ್ಲ. ಜೊತೆಗೆ, ಒಳಗೆ ದಿಕ್ಸೂಚಿ ಇಲ್ಲದ ಪೆಟ್ಟಿಗೆಗೆ ದಿಕ್ಕು ತಿಳಿಯುವುದು ಅದು ಚಲಿಸುತ್ತಿದ್ದಾಗ ಮಾತ್ರ. ನಿಂತಲ್ಲೇ ನಿಂತು ನೋಡಿದರೆ ಬಾಣ ಸುಳ್ಳು ಹೇಳಬಹುದು. ಜೇಬಿನಲ್ಲೊಂದು ಸಾದಾ ದಿಕ್ಸೂಚಿ, ಕಾಗದದ ನಕಾಶೆ ಇರಲೇಬೇಕೆಂದು ಹೇಳುವುದು ಇದಕ್ಕಾಗಿ. ಬೇರ್ಡ್‌ನ ದಂಡು ಉಳಿದದ್ದೂ ಒಂದು ಸಾಕ್ಷಿಯ ಮೇಲೆ ಇನ್ನೊಂದು ಸಾಕ್ಷಿ ಕೇಳಿದ್ದರಿಂದ.

ನಾಲ್ಕನೆಯದು ವೇಗ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವ ಗಾಡಿ ಮೂರು ಸೆಕೆಂಡಿನಲ್ಲಿ 50 ಮೀಟರ್ ದಾಟುತ್ತದೆ. ಪರದೆಯ ಮೇಲೆ ಕಣ್ಣಿಟ್ಟ ಆ ಮೂರು ಸೆಕೆಂಡು ಸವಾರ ಕುರುಡನೇ. ನಿಲ್ಲಿಸಿ ನೋಡು, ನೋಡಿ ಹೊರಡು ಎಂಬುದೇ ನಿಯಮ.

ಐದನೆಯದು ಅಂಕಿಗಳ ಗೊಂದಲ. ಇದು ಚಿಕ್ಕದಾಗಿ ಕಂಡರೂ ಪ್ರಾಣಕ್ಕೆ ಮೂಲ. ವಿಜಯಪುರದ ಅಕ್ಷಾಂಶವನ್ನು 16 ಡಿಗ್ರಿ 50 ಮಿನಿಟು ಎಂದೂ ಬರೆಯಬಹುದು, 16.83 ಡಿಗ್ರಿ ಎಂದೂ ಬರೆಯಬಹುದು. ಎರಡೂ ಒಂದೇ, ಏಕೆಂದರೆ ಡಿಗ್ರಿಗೆ 60 ಮಿನಿಟು. ಆದರೆ 16 ಡಿಗ್ರಿ 50 ಮಿನಿಟು ಎಂಬುದನ್ನು ಯಾರಾದರೂ 16.50 ಎಂದು ಒತ್ತಿದರೆ ಯಂತ್ರ ಅವರನ್ನು ಸುಮಾರು 37 ಕಿ.ಮೀ. ದಕ್ಷಿಣಕ್ಕೆ, ಕೃಷ್ಣಾ ನದಿಯ ದಿಕ್ಕಿಗೆ ಕಳಿಸುತ್ತದೆ. ರೇಖಾಂಶದ ಲೆಕ್ಕ ಇನ್ನೂ ವಿಚಿತ್ರ. ರೇಖಾಂಶದ ಗೆರೆಗಳು ಧ್ರುವದ ಕಡೆ ಹೋದಂತೆ ಒತ್ತಾಗುತ್ತವೆ. ವಿಜಯಪುರದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 106 ಕಿ.ಮೀ.; ಸಿಯಾಚಿನ್‌ನಲ್ಲಿ 91 ಕಿ.ಮೀ.; ಅಂಟಾರ್ಕ್ಟಿಕದಲ್ಲಿ 1989ರಲ್ಲಿ ನೆಲೆಗೊಂಡ ಭಾರತದ ‘ಮೈತ್ರಿ’ ಕೇಂದ್ರದ ಬಳಿ ಬರೀ 37 ಕಿ.ಮೀ. ನೆರವು ಕೇಳುವವನೂ ನೆರವು ಕಳಿಸುವವನೂ ಒಂದೇ ಪದ್ಧತಿಯಲ್ಲಿ ಅಂಕಿ ಓದಬೇಕು ಎಂಬ ಎಚ್ಚರಿಕೆ ಅನವಶ್ಯಕವಲ್ಲ.

ಯಂತ್ರ ಹೇಳದ ಮಾತು

ಜಿಪಿಎಸ್ ಬಗ್ಗೆ ಜನರಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆ ಬೇರೆಯೇ ಇದೆ. ಪೆಟ್ಟಿಗೆ ಜೇಬಿನಲ್ಲಿದ್ದರೆ ಉಪಗ್ರಹಕ್ಕೆ ತಾನೆಲ್ಲಿರುವೆನೆಂದು ಗೊತ್ತಿರುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಈ ಪೆಟ್ಟಿಗೆ ಕೇಳುತ್ತದೆಯೇ ಹೊರತು ಮಾತಾಡುವುದಿಲ್ಲ. ರೇಡಿಯೋ ಕೇಳುವವನ ಮನೆ ಆಕಾಶವಾಣಿಗೆ ಗೊತ್ತಿರುವುದಿಲ್ಲವಲ್ಲ, ಹಾಗೆ. ತಾನಿರುವ ಜಾಗವನ್ನು ಇನ್ನೊಬ್ಬರಿಗೆ ತಿಳಿಸಲು ಬೇರೆ ಸಾಧನ ಬೇಕು: ವೈರ್‌ಲೆಸ್ಸು, ಉಪಗ್ರಹ ಫೋನು ಅಥವಾ ಅಪಾಯದ ಸಂಕೇತ ಕಳಿಸುವ ಉಪಕರಣ.

ಹಿಮಕುಸಿತದಡಿ ಸಿಕ್ಕವರನ್ನು ಹುಡುಕಲು ಪರ್ವತಾರೋಹಿಗಳು ಮೈಗೆ ಕಟ್ಟಿಕೊಳ್ಳುವುದು ಮತ್ತೊಂದು ಯಂತ್ರ. ಅದು 457 ಕಿಲೋಹರ್ಟ್ಸ್ ತರಂಗದಲ್ಲಿ ಸದಾ ಮಿಡಿಯುತ್ತಿರುತ್ತದೆ. ಮೇಲಿರುವ ಸಂಗಾತಿ ತನ್ನ ಯಂತ್ರವನ್ನು ಕೇಳುವ ಕಡೆಗೆ ತಿರುಗಿಸಿಕೊಂಡು, ಮಿಡಿತ ಬಲವಾಗುವ ದಿಕ್ಕಿನಲ್ಲಿ ನಡೆದು, ಉದ್ದ ಸರಳು ಚುಚ್ಚಿ ನೋಡಿ ಅಗೆಯುತ್ತಾನೆ. ಹೂತವನು ಬದುಕಿ ಸಿಗುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷದ ಬಳಿಕ ವೇಗವಾಗಿ ಇಳಿಯುತ್ತದೆ. ದೂರದಿಂದ ನೆರವು ಬರುವಷ್ಟು ಸಮಯವಿಲ್ಲ. ಜೊತೆಗಿರುವವನೇ ಕಾಯಬೇಕು.

ಕನ್ನಡಿಗರು ಮರೆಯಲಾರದ ಘಟನೆ 2016ರ ಫೆಬ್ರುವರಿ 3ರದು. ಸಿಯಾಚಿನ್‌ನಲ್ಲಿ 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ 10 ಮಂದಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಹಾಸನದ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ ಇದ್ದರು. ಠಾಣೆ ಎಲ್ಲಿದೆ ಎಂಬುದು ಸೇನೆಗೆ ಗೊತ್ತೇ ಇತ್ತು. ಜಾಗ ಗೊತ್ತಿದ್ದರೂ 25 ಅಡಿಗೂ ಹೆಚ್ಚಿನ ಗಟ್ಟಿ ಹಿಮದಡಿ ಮನುಷ್ಯ ಎಲ್ಲಿದ್ದಾನೆ ಎಂಬುದನ್ನು ತಿಳಿಯಬೇಕಿತ್ತು. ಹಿಮದಾಳ ನೋಡುವ ರೇಡಾರ್, ಬಂಡೆ ಕೊರೆಯುವ ಯಂತ್ರ, ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು, ಆ ಎತ್ತರದಲ್ಲಿ ಉಸಿರು ಹಿಡಿದು ಅಗೆದ ಸಂಗಾತಿಗಳು ಇವರೆಲ್ಲರ ದುಡಿಮೆಯಿಂದ ಆರನೆಯ ದಿನ ಹನುಮಂತಪ್ಪ ಜೀವಂತ ಸಿಕ್ಕರು. ಇಡೀ ದೇಶ ಪ್ರಾರ್ಥಿಸಿತು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಹಿಮದಲ್ಲಿ ಮತ್ತೊಂದು ಅಪಾಯ ಬಿರುಕುಗಳದು. ಹಿಮನದಿ ಹೆಸರಿಗೆ ತಕ್ಕಂತೆ ನಿಧಾನವಾಗಿ ಹರಿಯುತ್ತಲೇ ಇರುತ್ತದೆ. ಹರಿಯುವಾಗ ಸೀಳುತ್ತದೆ, ಸೀಳಿನ ಬಾಯಿಗೆ ಹೊಸ ಹಿಮ ತೆಳ್ಳಗೆ ಮುಚ್ಚಳ ಹಾಕುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಸಮ. ಪೆಟ್ಟಿಗೆಯಲ್ಲಿ ಬರೆದುಕೊಂಡ ಅಂಕಿ ಬದಲಾಗುವುದಿಲ್ಲ, ಅದರ ಕೆಳಗಿನ ನೆಲ ಮಾತ್ರ ಸರಿದಿರುತ್ತದೆ. ದಕ್ಷಿಣ ಧ್ರುವದಲ್ಲಿ ನೆಟ್ಟ ಗುರುತುಕಂಬವನ್ನು ಪ್ರತಿವರ್ಷ ಜನವರಿ 1ರಂದು ಕಿತ್ತು ಹೊಸದಾಗಿ ನೆಡುತ್ತಾರೆ. ಅಲ್ಲಿನ ಹಿಮದ ಹಾಸು ವರ್ಷಕ್ಕೆ ಸುಮಾರು 10 ಮೀಟರ್ ಜರುಗುವುದೇ ಇದಕ್ಕೆ ಕಾರಣ. ಕಳೆದ ವರ್ಷ ಸುರಕ್ಷಿತವಾಗಿದ್ದ ಜಾಡು ಈ ವರ್ಷ ಹಾಗೆಯೇ ಇರುತ್ತದೆಂದು ಯಾವ ಉಪಗ್ರಹವೂ ಖಾತರಿ ಕೊಡಲಾರದು. ಅದಕ್ಕಾಗಿಯೇ ಸೈನಿಕರು ಹಿಮನದಿಯ ಮೇಲೆ ಒಂದೇ ಹಗ್ಗಕ್ಕೆ ಎಲ್ಲರೂ ಕಟ್ಟಿಕೊಂಡು, ಮುಂದಿನವನು ನೆಲ ಚುಚ್ಚಿ ನೋಡುತ್ತ ನಡೆಯುವ ಹಳೆಯ ಪದ್ಧತಿಯನ್ನು ಬಿಟ್ಟಿಲ್ಲ.

ಬ್ಯಾಲಾಳು, ಹಾಸನ

ಆಕಾಶದ ಗುರುತುಗಳು ಪರದೇಶದವು ಎಂಬ ಕೊರಗು ಭಾರತಕ್ಕೂ ಇತ್ತು. ಯುದ್ಧಕಾಲದಲ್ಲಿ ಯಾರದೋ ಕೈಯಲ್ಲಿರುವ ದೀಪ ನಂಬಿ ನಡೆಯುವುದು ಹೇಗೆ? ಇಸ್ರೋ ತನ್ನದೇ ಪಥದರ್ಶಕ ಉಪಗ್ರಹಗಳ ಮೊದಲನೆಯದನ್ನು 2013ರ ಜುಲೈ 1ರಂದು ಹಾರಿಸಿತು. 2016ರಲ್ಲಿ ಏಳನೆಯದು ಹಾರಿದಾಗ ವ್ಯವಸ್ಥೆಗೆ ‘ನಾವಿಕ್’ ಎಂಬ ಹೆಸರು ಬಂತು. ಭಾರತ ಮತ್ತು ಅದರ ಸುತ್ತ 1,500 ಕಿ.ಮೀ. ವರೆಗಿನ ಪ್ರದೇಶ ಇದರ ವ್ಯಾಪ್ತಿ. ಸಿಯಾಚಿನ್ ಇದರೊಳಗೆ ಬರುತ್ತದೆ, ಅಂಟಾರ್ಕ್ಟಿಕ ಬರುವುದಿಲ್ಲ. ಇದರ ಸಂಚಾರ ಕೇಂದ್ರ ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ; ಉಪಗ್ರಹಗಳ ಮೇಲೆ ನಿಗಾ ಇಡುವ ಕೆಲಸದಲ್ಲಿ ಹಾಸನದ ಕೇಂದ್ರಕ್ಕೂ ಪಾಲಿದೆ.

ದಾರಿ ಸುಗಮವಾಗಿರಲಿಲ್ಲ. ಮೊದಲ ಉಪಗ್ರಹದ ಆಮದು ಪರಮಾಣು ಗಡಿಯಾರಗಳು ಮೂರೂ ಕೆಟ್ಟವು. ಗಡಿಯಾರ ಕೆಟ್ಟ ಉಪಗ್ರಹ ಆಕಾಶದಲ್ಲಿದ್ದೂ ದಾರಿ ತೋರಲಾರದು. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಭಾರತದಲ್ಲೇ ತಯಾರಾದ ರುಬಿಡಿಯಂ ಗಡಿಯಾರವನ್ನು ಹೊತ್ತೊಯ್ದಿತು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಮಾತ್ರ ನಿಗದಿತ ಕಕ್ಷೆ ಮುಟ್ಟಲಿಲ್ಲ.

ಡೋಣಿಯ ದಂಡೆಯ ಪಾಠ

ಹಿಮ ಕಾಣದ ವಿಜಯಪುರ ಜಿಲ್ಲೆಯಲ್ಲೂ ಈಗ ಇದೇ ಯಂತ್ರ ಪ್ರತಿಯೊಬ್ಬರ ಜೇಬಿನಲ್ಲಿದೆ. ತಿಕೋಟಾ, ಬಬಲೇಶ್ವರಗಳ ಕಡೆ ದ್ರಾಕ್ಷಿ, ಒಣದ್ರಾಕ್ಷಿ ಒಯ್ಯಲು ಬರುವ ಹೊರಗಿನ ಲಾರಿ ಚಾಲಕ ಫೋನಿನ ನಕಾಶೆ ನೋಡಿ ತೋಟ ಹುಡುಕುತ್ತಾನೆ. ಬೇಸಿಗೆಯಲ್ಲಿ ಅದು ಸರಿಯಾಗಿಯೇ ತಲುಪಿಸುತ್ತದೆ. ಮಳೆಗಾಲದ ಮಾತು ಬೇರೆ. ಎರೆಮಣ್ಣು ಹಸಿಯಾದರೆ ಬಂಡಿಜಾಡು ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ನಕಾಶೆಗೆ ಮಾತ್ರ ಆ ಜಾಡು ಆಗಲೂ ಒಂದು ರಸ್ತೆ. ಅದೂ ಹತ್ತಿರದ ರಸ್ತೆ.

ಡೋಣಿ ನದಿಯದೂ ಇದೇ ಕಥೆ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ಈ ಸೀಮೆಯ ಎರೆಭೂಮಿಯನ್ನು ಹಾದು ಕೃಷ್ಣೆಯನ್ನು ಸೇರುವ ಈ ನದಿ ಬೆಳೆದರೆ ಓಣೆಲ್ಲ ಕಾಳು ಎಂಬ ಮಾತು ಜನರ ಬಾಯಲ್ಲಿದೆ. ಹೂಳು ತುಂಬಿ ಪಾತ್ರ ಆಳ ಕಳೆದುಕೊಂಡಿರುವುದರಿಂದ ಜೋರು ಮಳೆಯಾದಾಗ ಅದು ಹೊಲ, ರಸ್ತೆಗಳ ಮೇಲೆ ಹರಡುತ್ತದೆ. ಸಾರವಾಡದ ಹತ್ತಿರ ರಸ್ತೆ ನೀರಿನಡಿ ಹೋದಾಗಲೂ ಫೋನಿನ ಬಾಣ ನೇರ ಮುಂದಕ್ಕೇ ತೋರಿಸೀತು. ಅದು ಸುಳ್ಳು ಹೇಳುತ್ತಿಲ್ಲ. ರಸ್ತೆ ಅಲ್ಲಿಯೇ ಇದೆ. ಆದರೆ ನೀರು ಎಷ್ಟು ಆಳವಿದೆ, ಸೆಳೆತ ಎಷ್ಟಿದೆ, ಕೆಳಗೆ ಡಾಂಬರು ಉಳಿದಿದೆಯೇ ಕೊಚ್ಚಿಹೋಗಿದೆಯೇ ಎಂಬುದು ಅದರ ಲೆಕ್ಕದಲ್ಲಿಲ್ಲ. ಹಿಮದ ಮುಚ್ಚಳಕ್ಕೂ ಕೆಂಪು ನೀರಿನ ಮುಚ್ಚಳಕ್ಕೂ ಇರುವ ವ್ಯತ್ಯಾಸ ಬಣ್ಣದ್ದು ಮಾತ್ರ.

ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಿಂದ ಬರುವ ಸಂಕೇತ ಮನುಷ್ಯನನ್ನು ಹತ್ತು ಮೀಟರಿನೊಳಗೆ ತಂದು ನಿಲ್ಲಿಸುವುದು ಈ ಕಾಲದ ದೊಡ್ಡ ಸಾಧನೆಯೇ ಸರಿ. ಅದರಿಂದ ಉಳಿದ ಜೀವಗಳು ಬಹಳ. ಆದರೆ ಆ ಹತ್ತು ಮೀಟರಿನೊಳಗೆ ಕಾಲಿಡುವುದೆಲ್ಲಿ ಎಂಬುದನ್ನು ಹೇಳಬೇಕಾದವರು ನೆಲದ ಮೇಲೇ ಇರುತ್ತಾರೆ. ಸಿಯಾಚಿನ್‌ನಲ್ಲಿ ಅವನು ಹಗ್ಗದ ಮುಂದಿನ ತುದಿಯಲ್ಲಿ ಸರಳು ಹಿಡಿದು ನಡೆಯುವವನು. ಸಾರವಾಡದಲ್ಲಿ ದಂಡೆಯ ಮೇಲೆ ನಿಂತು, ಇವತ್ತು ದಾಟಬೇಡ್ರಿ ಎಂದು ಕೈಯೆತ್ತಿ ತಡೆಯುವವನು.